ಕಿಟಕಿಯಲ್ಲಿಟ್ಟ ಭಜ್ಜಿ

ತಾರ್ನಾಕ, ಹೈದರಾಬಾದ್
೧೮ ನವೆಂಬರ್ ೨೦೨೪

ನಮ್ಮ ಗುರುದೇವಿಗೆ,

ನಿನ್ನ ಸೋದರಮಾವ ಅಮರೇಶಪ್ಪ ಇನ್ನೂ ಗಟ್ಟಿ ಇದ್ದಾನ. ಮೀಸಿ ಮ್ಯಾಲೇ ಐತಿ, ಕೆಳಗ ಇಳಿದಿಲ್ಲ. ಇಷ್ಟು ಗೊತ್ತಾದ ಮ್ಯಾಲೆ ಉಳಿದದ್ದನ್ನ ನಿಧಾನಕ್ಕ ಓದು, ರೊಟ್ಟಿ ಹೊತ್ತಬಾರದು.

ಫೋನ್ ಯಾಕ ಎತ್ತೋದಿಲ್ಲ ಅಂತ, ಇಲ್ಲಿ ಸಿಮೆಂಟ್ ಕೆಲಸಕ್ಕ ಬಂದು ಹೋಗೋ ನಮ್ಮೂರ ಬಸುನ ಕೈಲಿ ಹೇಳಿ ಕಳಿಸಿದ್ದಿ. ಎಡಗಿವಿಗೆ ಹಿಡಿದರ ಬರೇ ಗಾಳಿ ಸಪ್ಪಳ, ಬಲಗಿವಿಗೆ ಹಿಡಿದರ ಅದೂ ಇಲ್ಲ. ಕಾಗದ ಆದರ ಹಂಗಲ್ಲ. ನಾನು ಮಾತಾಡೋವಾಗ ನಡುವ ಯಾರೂ ಬಾಯಿ ಹಾಕಂಗಿಲ್ಲ. ನಮ್ಮೂರ ಸಾಲ್ಯಾಗ ಏಳನೇತ್ತೆ ತನಕ ತಿದ್ದಿದ ಅಕ್ಷರ, ನಿನ್ನ ಕಾಲೇಜಿನ ಅಕ್ಷರಕ್ಕಿಂತ ದುಂಡಗ ಅದಾವ, ನೋಡಿಕೋ.

ಟೊಂಕದ ಎಲುಬು ಕೂಡಿಕೊಂಡೈತಿ. ವಾಕರ್ ಹಿಡಿದು ಹೊಂಟೆ ಅಂದರ ಇಡೀ ವರಾಂಡ ದಾರಿ ಬಿಡತೈತಿ. ತಾರ್ನಾಕದಾಗಿನ ಅರ್ಧ ಬಿಲ್ಡಿಂಗು ನಿಂತದ್ದು ನನ್ನ ಕರಣಿಯಿಂದ ಅಂತ ಈ ಆರೈಕೆ ಮನ್ಯಾಗ ಎಲ್ಲಾರಿಗೂ ಹೇಳೀನಿ. ಇನ್ನರ್ಧ ಯಾರು ಕಟ್ಟಿದರು ಅಂತ ಒಬ್ಬ ಮುದುಕ ಕೇಳಿದ. "ನನಗ ಗೊತ್ತಿಲ್ರಿ, ಅದಕ್ಕೇ ಅವು ಸೋರಾಕತ್ತಾವ" ಅಂದೆ. ಅವತ್ತಿನಿಂದ ಅವ ನನ್ನ ಟೇಬಲ್ಲಿಗೆ ಚಾ ಕುಡಿಯಾಕ ಬರೋದಿಲ್ಲ.

ಇಲ್ಲಿ ಮೇಲ್ವಿಚಾರಕಿ ಗುಣವತಮ್ಮ ಅಂತ ಒಬ್ಬಾಕಿ ಇದ್ದಾಳ, ತೆಲುಗಿನಾಕಿ. ನನ್ನನ್ನ "ತಾತಾ" ಅಂತ ಕರೀತಾಳ. ಅಕಿ ತಲ್ಯಾಗೂ ಅರ್ಧ ಕೂದಲ ಬೆಳ್ಳಗಾಗ್ಯಾವ, ನಾನು ಹೆಂಗ ತಾತ ಆಗಬೇಕು? ಇರಲಿ. ಅಕಿ ಕಾಯ್ದೆ ಕೇಳು. ಕೋಣ್ಯಾಗ ಸ್ವಂತ ತಿನಿಸು ಇಟ್ಟುಕೋಬಹುದಂತ, ಆದರ ಬಿಗಿ ಮುಚ್ಚಳದ ಡಬ್ಬಿ ಇರಬೇಕಂತ, ಡಬ್ಬಿ ಮ್ಯಾಲೆ ಹೆಸರು ಮತ್ತ ತಾರೀಖು ಬರದಿರಬೇಕಂತ. ಪಲ್ಯ, ಮೊಸರು, ಹಸಿ ಚಟ್ನಿ ಇಂಥಾವು ಊಟದ ಹಾಲಿನ ಫ್ರಿಜ್ಜಿಗೇ ಹೋಗಬೇಕಂತ. ಶೇಂಗಾ ಚಟ್ನಿಗೂ ಹುಟ್ಟಿದ ದಿನ ಬರೀರಿ ಅಂದರ ಹೆಂಗ? ನನ್ನ ಹುಟ್ಟಿದ ದಿನಾನೇ ನನಗ ಗೊತ್ತಿಲ್ಲ. ಸಾಲಿ ಮಾಸ್ತರು ಊರ ಮಂದಿಗೆಲ್ಲಾ ಜೂನ್ ಒಂದು ಅಂತ ಬರದಂಗ ನನಗೂ ಬರದರು.

ಅದಕ್ಕ ನಾನು ನನ್ನದೇ ಗೋದಾಮು ಮಾಡೀನಿ. ಬಿಸಿನೀರಿನ ರಬ್ಬರ್ ಚೀಲದಾಗ ಪುಟಾಣಿ ಕಾಳು. ಉಲ್ಲನ್ ಟೊಪ್ಪಿಗ್ಯಾಗ ಬೆಲ್ಲ. ನೀ ಕಳಿಸಿದ ಚಕ್ಕುಲಿ ಎಲ್ಲಿ ಇಟ್ಟೀನಿ ಅಂದರ ನೀ ನಗಬಾರದು: ಮಂಚದ ಕೆಳಗ ಇಡೋ ಬೆಡ್‌ಪ್ಯಾನು ನನಗೊಂದು ಹೊಸಾದು ಕೊಟ್ಟಿದ್ದರು, ಒಮ್ಮೆಯೂ ಬಳಸಿಲ್ಲ, ಅದರಾಗ. ಅಲ್ಲಿ ಪೊಲೀಸ್ ಕಮಿಷನರ್ ಬಂದರೂ ಕೈ ಹಾಕಂಗಿಲ್ಲ.

ಈಗ ಮುಖ್ಯ ಮಾತು. ನನ್ನ ಕೋಣ್ಯಾಗ ಎರಡನೇ ಮಂಚದಾಗ ಕಾಶಿನಾಥ ಅಂತ ಬಂದಾನ. ಹುಮನಾಬಾದ್ ಕಡಿಯಾಂವ. ಹಿಮಾಯತ್‌ನಗರದ ಸೀರಿ-ಬಟ್ಟಿ ಅಂಗಡ್ಯಾಗ ಜೀವಮಾನ ಕಳದಾನ; ಹೆಂಡತಿ ಇಲ್ಲ, ಮಕ್ಕಳಿಲ್ಲ, ಅಂಗಡಿ ಮಾಲಕರೇ ತಂದು ಸೇರಿಸ್ಯಾರ. ಲಕ್ವಾ ಹೊಡದು ಎಡಮಗ್ಗಲು ಸೋತೈತಿ, ಮಾತು ಬಿದ್ದೈತಿ. ಉಳಿದಿದ್ದು ಒಂದೇ ಮಾತು: "ನಕ್ಕೋ." ಇಲ್ಲಿ ಮಂದಿ ಬ್ಯಾಡ ಅನ್ನೋದಕ್ಕ ಹಂಗ ಅಂತಾರ. ಮೆತ್ತಗಿನ ಅನ್ನ ತಂದರ ನಕ್ಕೋ. ರವಾ ಗಂಜಿ ತಂದರ ನಕ್ಕೋ. ಮೈ ಇಳಿದು ಇಳಿದು ಅಂಗಿಯೊಳಗ ಬರೇ ಹ್ಯಾಂಗರ್ ಉಳದಂಗ ಕಾಣತಾನ. ಹಿಂಗೇ ಆದರ ಮೂಗಿನಾಗ ನಳಿಗಿ ಹಾಕಿ ಉಣಿಸಬೇಕು ಅಂತ ಡಾಕ್ಟರ್‌ಬಾಯಿ ಅಂದಾಳ. ನಳಿಗಿ ಅಂದಾಗ ಅವನ ಕಣ್ಣು ನೋಡಬೇಕಿತ್ತು ನೀನು.

ಮೊನ್ನೆ ನಿನ್ನ ಕಡಕ್ ರೊಟ್ಟಿ ಪುಡಿ ಮಾಡಿ, ಬಿಸಿ ಹಾಲಿನಾಗ ನೆನೆಸಿ, ಮ್ಯಾಲೆ ಒಂದು ಚಿಟಿಕೆ ಶೇಂಗಾ ಚಟ್ನಿ ಹಾಕಿ ತುಟಿಗೆ ಹಚ್ಚಿದೆ. ಅವ ನಕ್ಕೋ ಅನ್ನಲಿಲ್ಲ. ಬಟ್ಟಲ ಖಾಲಿ! ನರ್ಸಮ್ಮ ಬಂದು ಯಾರು ಉಣಿಸಿದರು ಅಂದಳು. ತಾರ್ನಾಕ ಕಟ್ಟಿದ ಕೈ ಅಂದೆ.

ಅದಕ್ಕ ಈ ಸಲ ಬಸು ಬರೋವಾಗ ಇಬ್ಬರಿಗೆ ಆಗೋಷ್ಟು ಕಳಿಸು.

ಮೀಸಿ ತಿರುವಿ ಸಹಿ ಮಾಡೀನಿ,
ನಿನ್ನ ಮಾವ, ಅಮರೇಶಪ್ಪ ಮೇಸ್ತ್ರಿ


ಲಿಂಗಸುಗೂರು
೧೯ ಡಿಸೆಂಬರ್ ೨೦೨೪

ಮಾವಾ,

ನಿನ್ನ ಕಾಗದ ಅಂಗಡ್ಯಾಗ ರೊಟ್ಟಿ ಬಡಿಯೋ ಹೆಣ್ಣುಮಕ್ಕಳಿಗೆಲ್ಲಾ ಓದಿ ಹೇಳಿದೆ. ಬೆಡ್‌ಪ್ಯಾನಿನ ಮಾತು ಬಂದಾಗ ಹಂಪಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಹೊರಗ ಹೋದಳು. ಇನ್ನ ಮ್ಯಾಲೆ ಆಕಿ ಚಕ್ಕುಲಿ ಸುತ್ತಂಗಿಲ್ಲಂತ. ನಿನ್ನ ಪರಾಕ್ರಮಕ್ಕ ನನ್ನ ಅಂಗಡಿಗೆ ಒಂದು ಕೈ ಕಡಿಮಿ ಆತು.

ಕಾಶಿನಾಥ ಕಾಕಾ ಉಂಡರು ಅಂತ ಓದಿ ನನಗ ಭಾಳ ಹಿಗ್ಗಾತು. ಅವರಿಗಂತ ತೆಳ್ಳಗ ಬಡಿದು, ಎರಡು ಬಿಸಿಲು ಹೆಚ್ಚಿಗೆ ಒಣಗಿಸಿ ಕಳಿಸ್ತೀನಿ, ನೆನಸಿದರ ಬೆಣ್ಣಿ ಆಗತಾವ.

ಸೋಮವಾರ ಮೂವತ್ತಕ್ಕ ಎಳ್ಳಮಾಸಿ. ಬಸು ಹಬ್ಬ ಮುಗಿಸಿ ಅವತ್ತು ರಾತ್ರಿ ಬಸ್ಸಿಗೆ ಹೈದರಾಬಾದಿಗೆ ಹೊಂಟಾನ. ಕಾಳು, ಸೊಪ್ಪು ಹುಣಸಿ ಹುಳ್ಯಾಗ ಕುದಿಸಿದ ಅಮಾಸಿ ಭಜ್ಜಿ ಇಲ್ಲದ ಹಬ್ಬ ನಿನಗ ಹಬ್ಬ ಅಲ್ಲ ಅಂತ ಗೊತ್ತು. ಅದಕ್ಕ ಒಂದು ಡಬ್ಬಿ ಭಜ್ಜಿ, ಸಜ್ಜಿ ಕಡಬು, ಎಳ್ಳು ಹೋಳಿಗಿ ಕಟ್ಟತೀನಿ. ಆದರ ಒಂದು ಕರಾರು: ಭಜ್ಜಿ ಬಂದ ದಿನಾನೇ ಬಿಸಿ ಮಾಡಿಸಿ ತಿಂದು ಮುಗಿಸಬೇಕು. ಉಳದರ ಗುಣವತಮ್ಮನವರ ಫ್ರಿಜ್ಜಿಗೆ ಕೊಡಬೇಕು. ಅವರು ಹೇಳೋದು ಸುಳ್ಳೇನಲ್ಲ ಮಾವಾ. ನಾನೂ ನನ್ನ ಅಂಗಡ್ಯಾಗ ಒಣ ಚಟ್ನಿ ಒಂದು ಕಡೆ, ಹಸಿ ಚಟ್ನಿ ಒಂದು ಕಡೆ ಇಡತೀನಿ.

ಮಾತು ಕೊಡು.

ಗುರುದೇವಿ


ತಾರ್ನಾಕ
೨ ಜನವರಿ ೨೦೨೫

ಗುರುದೇವಿಗೆ, ಹೊಸ ಕ್ಯಾಲೆಂಡರಿನ ಮೊದಲ ಕಾಗದ,

ನಿನ್ನ ಕೈಗೆ ಬಂಗಾರದ ಬಳಿ ತೊಡಿಸಬೇಕು. ಬಸು ಮಂಗಳವಾರ ಮುಂಜಾನೆ ಬಂದ. ಗುಣವತಮ್ಮ ಗೇಟಿನಾಗ ಚೀಲ ತಪಾಸಣಿ ಮಾಡಾಕ ನಿಂತಿದ್ದಳು. ನಾನು ಹೋಳಿಗಿ ಡಬ್ಬಿ ಮುಂದ ಮಾಡಿ, "ತಗೋರಿ ಅಮ್ಮಾ, ಮೊದಲ ನೀವು" ಅಂದೆ. ಆಕಿ ಒಂದು ಹೋಳಿಗಿ ಬಾಯಾಗ ಇಟ್ಟುಕೊಂಡು "ಬಾಗುಂದಿ ತಾತಾ" ಅನ್ನೋದರಾಗ ಭಜ್ಜಿ ಡಬ್ಬಿ ಬಸುನ ಹೆಗಲ ಮ್ಯಾಲಿನ ಟವೆಲ್ಲಿನ ಕೆಳಗ ಕೋಣಿ ಸೇರಿತ್ತು.

ಹೊಲ ಇಲ್ಲದಿದ್ದರ ಏನಾತು, ಹಿತ್ತಲಿನ ಕರಿಬೇವಿನ ಗಿಡದ ಸುತ್ತ ಚರಗ ಚೆಲ್ಲಿದೆ. ಭೂಮಿತಾಯಿ ಪಾಲು ಭೂಮಿತಾಯಿಗೆ ಕೊಡದೆ ಹೆಂಗ ಉಣ್ಣೋದು? ಮಾಲಿ ಓಡಿ ಬಂದು, ಇಲಿ ಬರತಾವು ಅಂತ ಒದರಿದ. "ಅವೂ ಭೂಮಿಯವೇ ಅಲ್ಲೇನೋ" ಅಂದೆ.

ನೀ ಅವತ್ತೇ ತಿನ್ನು ಅಂತ ಬರದಿದ್ದಿ. ಅಮಾಸಿ ಭಜ್ಜಿ ಯಾರು ಅವತ್ತೇ ಮುಗಿಸ್ತಾರವ್ವ? ನಿಮ್ಮ ಅಜ್ಜಿ ಗಡಿಗ್ಯಾಗ ಇಟ್ಟು ಹೊತ್ತು ಹೊತ್ತಿಗೆ ಕುದಿಸಿ, ನಾಕು ದಿನ ಬಡಿಸತಿದ್ದಳು. ದಿನಾ ಒಂದು ರುಚಿ ಏರತಿತ್ತು. ಇಲ್ಲಿ ಒಲಿ ಮುಟ್ಟಾಕ ಬಿಡೋದಿಲ್ಲ. ಫ್ರಿಜ್ಜಿಗೆ ಕೊಟ್ಟರ ಭಜ್ಜಿ ಹೆಣದಂಗ ತಣ್ಣಗಾಗತೈತಿ. ಮೇಸ್ತ್ರಿ ತಲಿ ಓಡಿಸಿದೆ. ನಮ್ಮ ಕಿಟಕಿ ದಕ್ಷಿಣಕ್ಕ ಐತಿ. ಗಾಜಿಗೂ ಪರದೆಗೂ ನಡುವ ಡಬ್ಬಿ ಇಟ್ಟರ ಮುಂಜಾನಿಂದ ಸಂಜೀತನಕ ಬಿಸಿಲು ಬೀಳತೈತಿ, ಮುಟ್ಟಿದರ ಬೆಚ್ಚಗ, ಈಗಷ್ಟೇ ಒಲಿ ಮ್ಯಾಲಿಂದ ಇಳಿಸಿದಂಗ. ಗ್ಯಾಸ್ ಬೇಡ, ಕಟ್ಟಿಗಿ ಬೇಡ! ಯಾವ ಎಂಜಿನಿಯರನ ತಲಿಗೂ ಹೊಳದಿಲ್ಲ ಇದು.

ನಾನು ಮೊದಲ ದಿನ ಹೊಟ್ಟಿ ಬಿರಿಯಂಗ ಉಂಡೆ. ಆಮ್ಯಾಲೆ ಉಳಿದದ್ದೆಲ್ಲ ಕಾಶಿಗೇ ಅಂತ ಇಟ್ಟೀನಿ. ಇವತ್ತು ಅವ ಎರಡು ಬಟ್ಟಲ ಉಂಡು ಬೆರಳು ನೆಕ್ಕಿದ. ಬೆರಳು, ಗುರುದೇವಿ! ನಾಳೆಗೂ ಒಂದು ಹೊತ್ತಿಗೆ ಆಗೋಷ್ಟು ಐತಿ.

ನಿನ್ನ ಮಾವ, ಬಿಸಿಲೊಲಿಯ ಮಾಲೀಕ,
ಅಮರೇಶಪ್ಪ


ಲಿಂಗಸುಗೂರು
೮ ಜನವರಿ ೨೦೨೫

ಮಾವಾ,

ನಿನ್ನ ಕಾಗದ ಇವತ್ತು ಮಧ್ಯಾಹ್ನ ಬಂತು. ಓದಿ ಅರ್ಧಕ್ಕೇ ಬಿಟ್ಟು ಗುಣವತಮ್ಮನವರಿಗೆ ಫೋನ್ ಹಚ್ಚಿದೆ. ಆ ಡಬ್ಬಿ ಚೆಲ್ಲಿಸ್ರಿ ಅಂತ ಹೇಳಾಕ.

ಕಾಶಿನಾಥ ಕಾಕಾನ್ನ ದವಾಖಾನಿಗೆ ಒಯ್ದು ಆಗಲೇ ಐದು ದಿನ ಆತು ಅಂತ ಅವರು ಹೇಳಿದರು.

ಆ ಭಜ್ಜಿಗೆ ಕಡಲಿಕಾಯಿ ಸುಲಿದಿದ್ದು ನಾನು. ಹುಣಸಿಹಣ್ಣು ಹಿಂಡಿದ್ದು ನಾನು. ಕುದಿಸಿ, ರುಚಿ ನೋಡಿ, ಡಬ್ಬಿ ಮುಚ್ಚಿದ್ದು ಈ ಕೈ. ಮಾತು ಕೊಡು ಅಂದಿದ್ದೆ. ನೀನು ಅದಕ್ಕ ಉತ್ತರಾನೇ ಬರೀಲಿಲ್ಲ ಅನ್ನೋದು ನನಗ ಈಗ ಕಾಣತೈತಿ.

ಇನ್ನ ನಾನು ಏನೂ ಕಳಿಸಂಗಿಲ್ಲ.

ಗುರುದೇವಿ


ತಾರ್ನಾಕ
೧೫ ಜನವರಿ ೨೦೨೫

ಗುರುದೇವಿ,

ಇವತ್ತು ದುಂಡಕ್ಷರ ಬರೋದಿಲ್ಲ, ಹಂಗೇ ಓದಿಕೋ.

ಮೂರನೇ ತಾರೀಖು ನಸುಕಿನಾಗ ಕಾಶಿ ವಾಂತಿ ಮಾಡಿಕೊಂಡ. ಆಮ್ಯಾಲೆ ನಿಲ್ಲಲಿಲ್ಲ. ಅವನಿಗೆ ಕೂಗಾಕ ಬರೋದಿಲ್ಲ, ನನಗ ಕೇಳಾಕ ಬರೋದಿಲ್ಲ. ಅವನ ಕೈ ಮಂಚದ ಕಬ್ಬಿಣಕ್ಕ ಬಡೀತಿತ್ತು. ಆ ನಡುಕ ನನ್ನ ಮಂಚಕ್ಕ ಬಂದು ಎಚ್ಚರ ಆತು.

ಅಡಗಿ ಮಾಡೋ ರಶ್ಮಿಯನ್ನ ನಿಲ್ಲಿಸಿ, ರಾತ್ರಿ ಸಾರಿನಾಗ ಏನು ಹಾಕಿದ್ದಿ ಅಂತ ಎಲ್ಲಾರೂ ಕೇಳಾಕತ್ತಿದ್ದರು. ಆ ಹುಡುಗಿ ಅಳಾಕತ್ತಿದ್ದಳು. ಡಾಕ್ಟರ್‌ಬಾಯಿ, ಏನು ತಿಂದಾನ ಅಂತ ಸರಿಯಾಗಿ ಗೊತ್ತಾಗದೆ ಔಷಧ ಹೆಂಗ ಕೊಡಲಿ ಅಂದಳು. ನಾನು ಪರದೆ ಸರಿಸಿ ಡಬ್ಬಿ ತಗದು ಅಕಿ ಕೈಯಾಗ ಇಟ್ಟೆ. ಮುಚ್ಚಳ ತೆಗದಳು. ಬುರುಗು ಬಂದಿತ್ತು, ಗುರುದೇವಿ. ಹಿಂದಿನ ದಿನದ ತನಕ ಮೂಗಿಗೆ ಬರೇ ಹುಳಿ ವಾಸನಿ ಅನಿಸಿತ್ತು, ಭಜ್ಜಿ ಹದಕ್ಕ ಬಂದೈತಿ ಅಂದುಕೊಂಡಿದ್ದೆ.

ಯಾರೂ ನನಗ ಬೈಯಲಿಲ್ಲ. ಬೈದಿದ್ದರ ಚಲೋ ಇತ್ತು, ತಿರುಗಿ ಏನಾದರೂ ಅನ್ನಬಹುದಿತ್ತು.

ಕಾಶಿ ಉಳದಾನ. ಇನ್ನೂ ದವಾಖಾನ್ಯಾಗ ಸಲಾಯಿನ್ ಮ್ಯಾಲೆ ಇದ್ದಾನ. ಗುಣವತಮ್ಮ ನೋಟಿಸ್ ಹಚ್ಚಿಸ್ಯಾಳ: ಇನ್ನ ಮ್ಯಾಲೆ ಯಾರ ಕೋಣ್ಯಾಗೂ ಹೊರಗಿನ ತಿನಿಸು ಇಲ್ಲ. ಯಾರ ಕೋಣ್ಯಾಗೂ. ಎದುರು ಕೋಣಿ ಸಾಯಿಕುಮಾರ ಮೇಷ್ಟರ ಮಗಳು ಸಂಕ್ರಾಂತಿಗೆ ತಂದ ಅರಿಸೆಲು, ನಮ್ಮ ಬೆಲ್ಲದ ಕಜ್ಜಾಯದಂಥಾವು, ಗೇಟಿನಿಂದಾನೇ ವಾಪಸ್ ಹೋದವು. ಅವರು ನನ್ನ ಮಾರಿ ನೋಡೋದಿಲ್ಲ. ಕಾಶಿ ತಿರುಗಿ ಬಂದಮ್ಯಾಲೆ ನರ್ಸ್‌ಗಳ ಬಾಜೂ ಕೋಣ್ಯಾಗ ಇಡತಾರಂತ, ನನ್ನ ಕೋಣ್ಯಾಗ ಅಲ್ಲ.

ಇವತ್ತು ಅವನ ಮಂಚದ ಗಾದಿ ಸುತ್ತಿಕೊಂಡು ಹೋದರು.

ಅಮರೇಶಪ್ಪ


ತಾರ್ನಾಕ
೧೦ ಫೆಬ್ರವರಿ ೨೦೨೫

ಗುರುದೇವಿಗೆ,

ನೀ ಬರೀಲಿಲ್ಲ. ಬಸು ಎರಡು ಸಲ ಬಂದು ಹೋದ, ಬರಿಗೈಲಿ. "ಅಕ್ಕ ಏನರ ಅಂದಳೇನೋ?" ಅಂದೆ. "ಅಂಗಡ್ಯಾಗ ಭಾಳ ಗದ್ದಲ ಇತ್ತರಿ" ಅಂದ. ಅವನಿಗೆ ಸುಳ್ಳು ಹೇಳಾಕ ಬರೋದಿಲ್ಲ; ಸಿಮೆಂಟ್ ಚೀಲ ಹೊರಾಕಷ್ಟೇ ಬರತೈತಿ.

ನೀ ಓದತಿದ್ದಿ ಅಂತ ತಿಳಕೊಂಡೇ ಬರೀತೀನಿ.

ಕಾಶಿ ಬಂದಾನ. ಕೆಳಗ ನರ್ಸ್‌ಗಳ ಬಾಜೂ ಕೋಣ್ಯಾಗ ಇದ್ದಾನ. ವಾಂತಿ ನಿಂತೈತಿ, ಆದರ ಊಟಾನೂ ನಿಂತೈತಿ. ಏನು ತಂದರೂ ನಕ್ಕೋ. ಈಗೀಗ ಅದನ್ನೂ ಬಾಯಿ ಬಿಟ್ಟು ಅನ್ನೋದಿಲ್ಲ, ತಲಿ ಅಲ್ಲಾಡಿಸತಾನ. ಡಾಕ್ಟರ್‌ಬಾಯಿ ಈ ತಿಂಗಳು ಕಾಯೋಣ ಅಂದಾಳ, ಆಮ್ಯಾಲೆ ನಳಿಗಿ. ನಾನು ಬಾಗಲದಾಗ ನಿಂತು ನೋಡಿದೆ. ಅವ ಗೋಡಿ ಕಡೆ ಮಗ್ಗಲಾದ.

ಮರುದಿನ ಗುಣವತಮ್ಮನ ಟೇಬಲ್ ಮುಂದ ಹೋಗಿ ನಿಂತೆ. ಕುರ್ಚಿ ತೋರಿಸಿದಳು. ಕುಂದರಲಿಲ್ಲ.

"ಅಮ್ಮಾ, ಅವ ಉಂಡಿದ್ದು ನಮ್ಮ ರೊಟ್ಟಿ ಒಂದೇ" ಅಂದೆ.

"ಅವರಿಗೆ ಆಗಿದ್ದೂ ನಿಮ್ಮ ಊಟದಿಂದಲೇ ತಾತಾ" ಅಂದಳು.

"ಅದು ಹಸೀದು. ರೊಟ್ಟಿ ಒಣಗಿದ್ದು."

"ನನಗೆ ಹಸಿ ಯಾವುದು, ಒಣದು ಯಾವುದು ಅಂತ ಹೆಂಗ ಗೊತ್ತಾಗಬೇಕು? ನೀವು ತೋರಿಸಿ ಇಟ್ಟರ ತಾನೇ? ಡಬ್ಬಿ ಮ್ಯಾಲೆ ಬರೀರಿ ಅಂತ ಕೇಳಿದ್ದು ನಿಮ್ಮನ್ನ ಕಾಡಾಕ ಅಂದುಕೊಂಡ್ರಾ? ಅವರ ತಲಿ ತೊಡಿ ಮ್ಯಾಲೆ ಇಟ್ಟುಕೊಂಡು ಆಂಬುಲೆನ್ಸಿನಾಗ ಕುಂತಾಕಿ ನಾನು."

"ಬರ್ರಿ ನನ್ನ ಜೋಡಿ" ಅಂದೆ. ಕೋಣಿಗೆ ಕರಕೊಂಡು ಹೋಗಿ ಗೋದಾಮು ಪೂರ್ತಿ ತೆರೆದೆ. ನೋಟಿಸ್ ಹಚ್ಚಿದ ದಿನ ಅವರು ಕೋಣಿ ತಪಾಸಣಿ ಮಾಡಿದಾಗ ಸಿಗದೇ ಉಳದದ್ದು ಇನ್ನೂ ಭಾಳ ಇತ್ತು. ಟೊಪ್ಪಿಗಿ ಕೊಡವಿದೆ, ಬೆಲ್ಲ ಬಿತ್ತು, ಬೆಲ್ಲದ ಜೋಡಿ ಒಂದು ಇರಿವಿ ಪಲ್ಟನ್ನೂ ಬಿತ್ತು. ರಬ್ಬರ್ ಚೀಲ ಬಗ್ಗಿಸಿದೆ, ಪುಟಾಣಿ ಸುರುದವು. ಒಂದು ಬಾಯಾಗ ಹಾಕಿಕೊಂಡು ನೋಡಿದೆ, ಟೈರ್ ತಿಂದಂಗ ಆತು. ಆಕಿ ಮಾರಿ ಬಿಗಿ ಹಿಡಕೊಂಡೇ ಇದ್ದಳು. ಕಡೀಕ ಮಂಚದ ಕೆಳಗಿನ ಬೆಡ್‌ಪ್ಯಾನು ಎಳೆದು, ಮ್ಯಾಲಿನ ಬಟ್ಟಿ ತೆಗೆದು, "ಇದು ಚಕ್ಕುಲಿ" ಅಂದೆ.

"ಅಯ್ಯೋ ದೇವುಡಾ!" ಅಂತ ಗೋಡಿಗೆ ಆತುಕೊಂಡು ನಿಂತಳು. ಬೈತಾಳ ಅಂತ ಕಾದೆ. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಾಗ ನೀರು ಬರೋ ತನಕ ನಕ್ಕಳು. ನಕ್ಕು ಮುಗಿಸಿ, ಎಲ್ಲಾನೂ ಕಸದ ಬುಟ್ಟಿಗೆ ಹಾಕಿಸಿದಳು. ಎಲ್ಲಾನೂ.

ಆಮ್ಯಾಲೆ ಕುಂತು ಮಾತಾಡಿದೆವು. ಮಾತಾಡಿದ್ದು ಇಷ್ಟು. ಒಣ ತಿನಿಸು ಮಾತ್ರ ಕೋಣ್ಯಾಗ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ನೆಲದ ಮ್ಯಾಲೆ ಅಲ್ಲ, ಕಪಾಟಿನಾಗ. ಮಾಡಿದ ತಾರೀಖು ಮಾಡಿದವರೇ ಬರದು ಕಳಿಸಬೇಕು, ನಾನಲ್ಲ. ಹಸೀದು ಏನೇ ಬಂದರೂ ಫ್ರಿಜ್ಜಿಗೆ, ಮೂರನೇ ದಿನಕ್ಕ ಹೊರಗ. ಕಾಶಿಗೆ ಒಂದು ತುತ್ತು ಕೊಡಬೇಕಂದರೂ ನರ್ಸ್ ಮುಂದ ಇರಬೇಕು. ಇದು ನಡದರ ಎಲ್ಲಾರಿಗೂ ನೋಟಿಸ್ ತಗೀತೀನಿ ಅಂದಳು. ನಾನು ಎಲ್ಲಾದಕ್ಕೂ ಹೂಂ ಅಂದೆ. ಈ ಸಲ ಬಾಯಿ ಬಿಟ್ಟು, ಇಬ್ಬರು ಸಾಕ್ಷಿ ಮುಂದ.

ಗುರುದೇವಿ, ನಿನಗ ಸಿಟ್ಟು ಇರಲಿ. ಅದನ್ನ ಇಳಿಸು ಅಂತ ಕೇಳಾಕ ನನಗ ಬಾಯಿಲ್ಲ. ರೊಟ್ಟಿ ಮಾತ್ರ ಕಳಿಸು. ನನಗಲ್ಲ.

ಅಮರೇಶಪ್ಪ


ಲಿಂಗಸುಗೂರು
೨೩ ಫೆಬ್ರವರಿ ೨೦೨೫

ಮಾವಾ,

ಬಸುನ ಕೈಯಾಗ ಎರಡು ಡಬ್ಬಿ ಕೊಟ್ಟೀನಿ. ದೊಡ್ಡದರಾಗ ರೊಟ್ಟಿ, ಸಣ್ಣದರಾಗ ಒಣ ಶೇಂಗಾ ಚಟ್ನಿ. ಎರಡರ ಮುಚ್ಚಳದ ಮ್ಯಾಲೂ ಚೀಟಿ ಅಂಟಿಸೀನಿ. ನೀರು ಮುಟ್ಟಿದ ಚಮಚ ಒಳಗ ಹಾಕಬ್ಯಾಡ.

ಜನವರಿ ತಿಂಗಳು ಪೂರ್ತಿ ನಾನು ಅಂಗಡ್ಯಾಗ ಚಟ್ನಿ ಮಾರಲಿಲ್ಲ. ಕುಟ್ಟಾಕ ಕುಂತರ, ಯಾರ ಮನಿ ಮಂಚದ ಬಾಜೂ ಇದು ಹೆಂಗ ಇರತೈತೋ ಅನಿಸೋದು. ಹಂಪಮ್ಮ ಬೈದಳು: "ನಿನ್ನ ಮಾವ ತಿಳಿಗೇಡಿ ಆದರ ಊರ ಮಂದಿ ಯಾಕ ಬರೇ ರೊಟ್ಟಿ ತಿನ್ನಬೇಕು?" ಮೊನ್ನೆ ಮತ್ತ ಕುಟ್ಟಿದೆ. ಈಗ ಮಾರೋ ಡಬ್ಬಿ ಮ್ಯಾಲೂ ತಾರೀಖು ಬರೀತೀವಿ.

ಗುಣವತಮ್ಮನವರ ಜೋಡಿ ನಾನು ಮಾತಾಡೀನಿ. ನೀನು ಬರದದ್ದೆಲ್ಲಾ ಖರೇ ಅಂತ ಅವರು ಹೇಳಿದ ಮ್ಯಾಲೇ ಡಬ್ಬಿ ತೊಳದೆ. ಬೇಜಾರ ಮಾಡಿಕೋಬ್ಯಾಡ, ಕೇಳದೇ ಇರಾಕ ಆಗಲಿಲ್ಲ.

ಇದು ಕಾಕಾಗ. ಅವರು ಏನಂದರು ಅಂತ ಬರಿ.

ಗುರುದೇವಿ


ತಾರ್ನಾಕ
೩ ಮಾರ್ಚ್ ೨೦೨೫

ನಮ್ಮ ಗುರುದೇವಿಗೆ,

ಅವಸರ ಮಾಡಿ ಕೊನೇ ಸಾಲು ಮೊದಲ ಓದಬ್ಯಾಡ. ನಾನು ಸಾಲಾಗಿ ಹೇಳತೀನಿ.

ಡಬ್ಬಿ ಬಂದ ದಿನ ಗುಣವತಮ್ಮ, ನರ್ಸಮ್ಮ, ನಾನು, ಮೂವರೂ ಕಾಶಿ ಕೋಣಿಗೆ ಹೋದೆವು. ನಾನು ಕೈ ಸಾಬೂನು ಹಚ್ಚಿ ತೊಳದಿದ್ದೆ, ಮದಿವಿಗೆ ಹೋದಂಗ ಹೊಸ ಅಂಗಿ ತೊಟ್ಟಿದ್ದೆ. ರೊಟ್ಟಿ ಪುಡಿ ಮಾಡಿ ಬಿಸಿ ಹಾಲಿನಾಗ ನೆನೆಸಿದೆ. ನರ್ಸಮ್ಮ ಚಮಚದಿಂದ ಒತ್ತಿ ನೋಡಿ, ನುಂಗಾಕ ಮೆತ್ತಗೈತಿ ಅಂದಳು. ನಾನು ತುಟಿ ಹತ್ರ ಒಯ್ದೆ.

"ನಕ್ಕೋ."

ಬಾಯಿ ಬಿಟ್ಟೇ ಅಂದ. ನನ್ನ ಕೈ ನೋಡಿ ಅಂದ. ರೊಟ್ಟಿಗಲ್ಲ ಅವ ಅಂಜಿದ್ದು, ಆ ಕೈಗೆ.

"ನೋಡು ಕಾಶಿ, ನಾನೇ ತಿಂತೀನಿ" ಅಂತ ಅವನ ಮುಂದ ಒಂದು ತುತ್ತು ತಿಂದೆ. ನಕ್ಕೋ. ಹೌದಲ್ಲ, ಆವತ್ತೂ ನಾನು ತಿಂದಿದ್ದೆ, ನನಗ ಏನೂ ಆಗಿರಲಿಲ್ಲ. ಗುಣವತಮ್ಮ ಒಂದು ಚಮಚ ಬಾಯಾಗ ಹಾಕಿಕೊಂಡಳು. ಆಗೂ ನಕ್ಕೋ. ನಾನು ಬಟ್ಟಲ ಅಲ್ಲೇ ಇಟ್ಟು ವರಾಂಡದ ಬೆಂಚಿನ ಮ್ಯಾಲೆ ಬಂದು ಕುಂತೆ. ಅವತ್ತು ಸಂಜೀ ಚಾ ಕುಡೀಲಿಲ್ಲ. ಸಾಯಿಕುಮಾರ ಮೇಷ್ಟರು, ನನ್ನ ಮಾರಿ ನೋಡದವರು, ಬಂದು ಬಾಜೂ ಕುಂತು ಹೋದರು.

ಮರುದಿನ ಮತ್ತ ಹೋದೆ. ಈ ಸಲ ನಾನು ರೊಟ್ಟಿ ಮುರೀಲಿಲ್ಲ, ಹಾಲು ತರಲಿಲ್ಲ. ಡಬ್ಬಿ ಅವನ ತೊಡಿ ಮ್ಯಾಲೆ ಇಟ್ಟು ದೂರ ಸರದು ನಿಂತೆ. ಕಾಶಿ ಭಾಳ ಹೊತ್ತು ಡಬ್ಬಿ ನೋಡಿದ. ಆಮ್ಯಾಲೆ ಬಲಗೈ ಬೆರಳಿನಿಂದ ಮುಚ್ಚಳದ ಚೀಟಿ ಮ್ಯಾಲೆ ಬಡದ.

"ಯಾವತ್ತಿಂದು?"

ಗುರುದೇವಿ, ನಾಕು ತಿಂಗಳಾಗ ಅವನ ಬಾಯಿಂದ ನಕ್ಕೋ ಬಿಟ್ಟು ಬೇರೆ ಮಾತು ನಾನು ಕೇಳಿಲ್ಲ. ನನ್ನ ಕಿವಿ ಕೇಳಲಿಲ್ಲೇನೋ ಅಂತ ನರ್ಸಮ್ಮನ ಮಾರಿ ನೋಡಿದೆ. ಅಕಿ ಬಾಯಿ ತೆರಕೊಂಡು ನಿಂತಿದ್ದಳು.

"ಫೆಬ್ರವರಿ ಇಪ್ಪತ್ತೆರಡು" ಅಂದೆ.

ನನ್ನ ಮಾತು ಅವನಿಗೆ ಸಾಲಲಿಲ್ಲ. ಕೈ ಚಾಚಿದ. ನನ್ನ ಚಾಳೀಸು ತಗದು ಅವನ ಮೂಗಿನ ಮ್ಯಾಲೆ ಇಟ್ಟೆ. ಬಟ್ಟಿ ಅಂಗಡ್ಯಾಗ ಜೀವಮಾನ ಥಾನಿನ ಚೀಟಿ ಓದಿದ ಮನಿಷ್ಯಾ. ಡಬ್ಬಿ ಎತ್ತಿ, ಬೆಳಕಿಗೆ ಹಿಡಿದು, ನೀ ಬರದ ತಾರೀಖು ತಾನೇ ಓದಿದ. ಗೋಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದ. ಮತ್ತ ಚೀಟಿ ನೋಡಿದ. ಆಮ್ಯಾಲೆ ಡಬ್ಬಿ ಎದಿಗೆ ಆನಿಸಿಕೊಂಡು ಒಂದೇ ಕೈಲೆ ಮುಚ್ಚಳ ತಿರುವಿ ತೆಗದು, ಬಾಯಿ ತೆರೆದ.

ಬಾಯಿ ತೆರೆದ, ಗುರುದೇವಿ.

ನರ್ಸಮ್ಮ ಓಡಿ ಹೋಗಿ ಹಾಲು ತಂದಳು. ನಾನೇ ಉಣಿಸಿದೆ. ಅರ್ಧ ಬಟ್ಟಲ. ಡಾಕ್ಟರ್‌ಬಾಯಿ ಅವಸರ ಬ್ಯಾಡ, ದಿನಕ್ಕ ಒಂದೀಟು ಏರಿಸೋಣ ಅಂದಾಳ. ಇವತ್ತಿಗೆ ಪೂರ್ತಿ ಬಟ್ಟಲ, ಮ್ಯಾಲೆ ತೊವ್ವೆ. ನಳಿಗಿ ಮಾತು ಸದ್ಯಕ್ಕ ಯಾರೂ ಎತ್ತೋದಿಲ್ಲ.

ಅವ ಉಣ್ಣೋ ಮುಂದ ನಾನು ಒಂದು ಮಾತೂ ಆಡಲಿಲ್ಲ. ತಾರ್ನಾಕದ ಬಿಲ್ಡಿಂಗಿನ ಮಾತೂ ಇಲ್ಲ. ನಾನು ಸುಮ್ಮನಿದ್ದದ್ದು ನೋಡಿ ಗುಣವತಮ್ಮ ಗಾಬರಿ ಆಗಿ ನನ್ನ ಬಿಪಿ ನೋಡಿಸಿದಳು.

ಚೀಟಿ ಅಂಟಿಸಿದ ಕೈಗೆ ನನ್ನ ಎರಡೂ ಕೈ ಜೋಡಿಸಿ,
ನಿನ್ನ ಮಾವ, ಅಮರೇಶಪ್ಪ


ತಾರ್ನಾಕ
೧ ಏಪ್ರಿಲ್ ೨೦೨೫

ಗುರುದೇವಿ ತಂಗಿಗೆ,

ನಾ ಕಾಶಿನಾಥ ಹೇಳ್ಲಿಕತ್ತೀನಿ, ನಿಮ್ಮ ಮಾವ ಬರೀಲಿಕತ್ತಾರ. ನಾ ಹೇಳಿದ್ದೇ ಬರೀರಿ, ನಿಮ್ಮದು ಸೇರಿಸಬ್ಯಾಡ್ರಿ ಅಂತ ಹೇಳೀನಿ.

(ಮಾತು ಇನ್ನೂ ತೊದಲತೈತಿ, ಅರ್ಧ ನಾನೇ ತಿಳಕೊಂಡು ಬರೀಬೇಕು. – ಅ.)

ನೋಡ್ರಿ, ಸೇರಿಸಿದ. ನಂಗ ಹಳೀ ಕೋಣಿಗೆ ತಂದಾರ. ಉಗಾದಿ ದಿನ ಬೇವು ತಿಂದೆ, ಬೆಲ್ಲಾನೂ ತಿಂದೆ. ನೋಟಿಸ್ ತಗದಾರ. ಊಟದ ಹಾಲಿನ ಫ್ರಿಜ್ಜಿಗೆ ನಿಮ್ಮ ಮಾವಗ ಉಸ್ತುವಾರಿ ಕೊಟ್ಟಾರ. ಗುಣವತಮ್ಮ ಯಾಕ ಕೊಟ್ಟಳೋ ಆ ದೇವರಿಗೇ ಗೊತ್ತು. ಮುಂಜಾನಿ ಎದ್ದು ಎಲ್ಲಾರ ಡಬ್ಬಿ ಮೂಸ್ತಾನ. ಮೇಷ್ಟರ ಗೊಂಗುರಾ ಪಲ್ಯ ಮೂರನೇ ದಿನಕ್ಕ ಚೆಲ್ಲಿ ಬಂದ. ಅವರು ಬೈದರ "ಕಾಯ್ದೆ ಅಂದರ ಕಾಯ್ದೆ" ಅಂತಾನ.

(ಅದು ನಾಕನೇ ದಿನ ಇತ್ತು. ಖರೇ ಬರೀಬೇಕಲ್ಲ. ಮ್ಯಾಲಾಗಿ ಮೇಷ್ಟರೇ ಆಮ್ಯಾಲೆ ಶಭಾಷ್ ಅಂದರು.)

ಅಂದಿಲ್ಲ ತಂಗಿ.

ರಾತ್ರಿ ಇವನ ಗೊರಕಿ ಭಾಳ ಅದ. ಕೆಳಗಿನ ಕೋಣ್ಯಾಗ ಶಾಂತ ಇತ್ತು. ಅಲ್ಲೇ ಇರ್ತೀರೇನು ಅಂತ ಕೇಳಿದರು. ನಕ್ಕೋ ಅಂದೆ.

(ಇದನ್ನ ಎರಡು ಸಲ ಓದು, ಗುರುದೇವಿ.)

ತೂಕ ಏರ್ಲಿಕತ್ತದ ಅಂತ ಡಾಕ್ಟರ್ ಹೇಳ್ಯಾರ. ರೊಟ್ಟಿ ಛಲೋ ಅವ. ಆದರ ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬಾರದು. ಈ ಸಲದ ಶೇಂಗಾ ಚಟ್ನ್ಯಾಗ ಉಪ್ಪು ಕಮ್ಮಿ ಅದ. ಬಳ್ಳೊಳ್ಳಿನೂ ಹಸಿ ಹಸಿ ಅನಸ್ತದ, ನಮ್ಮ ಕಡೆ ಹುರದು ಹಾಕ್ತಾರ. ಮುಂದಿನ ಸಲ ಸರಿ ಮಾಡಿ ಕಳಸು. 

(ನಮ್ಮ ಗುರುದೇವಿ ಚಟ್ನಿಗೆ ಹೆಸರಿಡಾಕ ನೀ ಯಾರೋ ಅಂದೆ. "ತಿನ್ನಾಂವ" ಅಂದ.)

ಡಬ್ಬಿ ಮ್ಯಾಲೆ ಇವನ ಹೆಸರು ಬ್ಯಾಡ, ನನ್ನ ಹೆಸರು ಬರೀ. ಪೆನ್ನು ಇತ್ತ ಕೊಡ್ರಿ ಮೇಸ್ತ್ರಿ, ಸಹಿ ನಾನೇ ಮಾಡ್ತೀನಿ.

ಕಾಶಿನಾಥ